ಬೀಳಲಿರುವ ಗೋಡೆಗೆ ಹಣವೆಲ್ಲಿಂದ?

ರಸ್ತೆಯೆಂದರೆ ನಮ್ಮ ಕಣ್ಣಿಗೆ ಬೀಳುವುದು ಅದರ ಮೇಲ್ಮೈ ಮಾತ್ರ. ಡಾಂಬರು ಕಿತ್ತುಹೋದರೆ ಒಡನೆಯೇ ಕಾಣುತ್ತದೆ. ಗುಂಡಿ ಬಿದ್ದರೆ ಗಾಡಿಯೇ ಕುಲುಕಿ ತಿಳಿಸುತ್ತದೆ. ಆದರೆ ಆ ರಸ್ತೆಯನ್ನು ಪಕ್ಕದಲ್ಲಿ ಹಿಡಿದು ನಿಲ್ಲಿಸಿರುವ ಗೋಡೆಯನ್ನು ನೋಡುವವರು ಬಹಳ ವಿರಳ. ಹೊಳೆಯ ದಡದಲ್ಲಿ, ನಾಲೆಯ ಏರಿಯಲ್ಲಿ, ಗುಡ್ಡವನ್ನು ಕಡಿದ ಎಡೆಯಲ್ಲಿ ಮಣ್ಣು ಜಾರದಂತೆ ಕಟ್ಟಿದ ಈ ಗೋಡೆಗೆ ತಡೆಗೋಡೆಯೆಂದು ಹೆಸರು. ಅದು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವವರೆಗೆ ಅದರ ನೆನಪೇ ನಮಗಿರುವುದಿಲ್ಲ. ಅದು ಹೊಟ್ಟೆ ಉಬ್ಬಿಸಿಕೊಂಡು ಮುಂದಕ್ಕೆ ಬಾಗತೊಡಗಿದಾಗ, ಸರಿಪಡಿಸುವುದಕ್ಕೆ ಹಣವೆಲ್ಲಿಂದ ಎಂಬ ಪ್ರಶ್ನೆ ಏಳುತ್ತದೆ. ನಾವು ಇಲ್ಲಿ ವಿಚಾರಮಾಡಬೇಕೆಂದಿರುವುದು ಈ ಪ್ರಶ್ನೆಯನ್ನೇ.

ಶಿವಮೊಗ್ಗೆ ಭದ್ರಾವತಿಗಳ ಜನರಿಗೆ ಇದು ಪರರ ಮನೆಯ ಮಾತಲ್ಲ. ಶಿವಮೊಗ್ಗೆ ತುಂಗೆಯ ದಡದ ಊರು. ಭದ್ರಾವತಿ ಭದ್ರೆಯ ದಡದ ಊರು. ನಡುವೆ ಸುಮಾರು 20 ಕಿಲೋಮೀಟರುಗಳ ದಾರಿ. ಹಿಂದೆ 206 ಎಂದು ಕರೆಯುತ್ತಿದ್ದ, ಈಗ 69ನೆಯ ಸಂಖ್ಯೆಯನ್ನು ಪಡೆದಿರುವ ರಾಷ್ಟ್ರೀಯ ಹೆದ್ದಾರಿ ಎರಡು ಊರುಗಳನ್ನೂ ಮುಟ್ಟಿಕೊಂಡು ಹೋಗುತ್ತದೆ. ಕಾಲೇಜಿಗೆ ಹೋಗುವ ಹುಡುಗರೂ, ಕೆಲಸಕ್ಕೆ ಹೋಗುವ ಸಂಸಾರಿಗರೂ, ಮೆಗ್ಗಾನ್ ಆಸ್ಪತ್ರೆಗೆ ರೋಗಿಗಳನ್ನು ಕರೆದೊಯ್ಯುವವರೂ ಈ ದಾರಿಯನ್ನೇ ನಂಬಿದ್ದಾರೆ. ಇದರ ಜೊತೆಗೆ ಊರೊಳಗಿನ ಹೊಳೆದಂಡೆಯ ಬೀದಿಗಳೂ, ತುಂಗಾ ಭದ್ರಾ ನಾಲೆಗಳ ಏರಿಯ ಮೇಲಿನ ಹಳ್ಳಿಯ ದಾರಿಗಳೂ ಇರುವುವು. ಇವುಗಳಲ್ಲಿ ಎಲ್ಲಿಯಾದರೂ ಇಪ್ಪತ್ತು ಮೀಟರು ಗೋಡೆ ಕುಸಿದರೆ ಸಾಕು, ಇಡೀ ದಾರಿ ನಿಲ್ಲುತ್ತದೆ.

ಇಲ್ಲಿಯ ಹೊಳೆಗಳ ಸ್ವಭಾವವೂ ಗಮನಿಸತಕ್ಕದ್ದು. ಶಿವಮೊಗ್ಗೆ ಪಟ್ಟಣದಲ್ಲಿ ಬೀಳುವ ಮಳೆ ಮಿತವಾದದ್ದು. ಆದರೆ ಅದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆಯಾಗುತ್ತದೆ. ಊರಿನ ಮೇಲೆ ಮೋಡವಿಲ್ಲದ ದಿನವೂ ಮಲೆನಾಡಿನ ನೀರು ಹೊಳೆಯಲ್ಲಿ ಬಂದು ದಡವನ್ನು ಮುಟ್ಟಬಹುದು. 2019ರ ಆಗಸ್ಟ್ ತಿಂಗಳಲ್ಲಿ, ಆಶ್ಲೇಷೆಯ ಮಳೆಯಲ್ಲಿ, ತುಂಗೆ ಉಕ್ಕಿ ಶಿವಮೊಗ್ಗೆಯ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದು ಅನೇಕರ ನೆನಪಿನಲ್ಲಿದೆ. ಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಭದ್ರಾವತಿಯ ಕವಲಗುಂದಿಯ ಜನ ಮನೆ ಬಿಡಬೇಕಾಗಿ ಬಂದಿರುವುದೂ ಉಂಟು.

ಗೋಡೆ ಬೀಳುವುದು ಪ್ರವಾಹ ಏರಿರುವಾಗಲೇ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಅನೇಕ ವೇಳೆ ಅದು ಬೀಳುವುದು ಪ್ರವಾಹ ಇಳಿದ ಮೇಲೆ. ಹೊಳೆ ತುಂಬಿರುವಾಗ ಹೊರಗಿನ ನೀರು ಗೋಡೆಗೆ ಒತ್ತುಗೊಟ್ಟು ನಿಂತಿರುತ್ತದೆ. ಹೊಳೆ ಥಟ್ಟನೆ ಇಳಿದರೆ ಆ ಆಸರೆ ಹೋಗುತ್ತದೆ. ಆದರೆ ಗೋಡೆಯ ಹಿಂದಿನ ಮಣ್ಣು ಕುಡಿದ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆ ಇಲ್ಲಿ ಶಾಸ್ತ್ರವಾಕ್ಯವೇ ಆಗಿದೆ.

ಗೋಡೆಯ ಮೇಲೆ ಮಣ್ಣು ಎಷ್ಟು ಒತ್ತುತ್ತದೆಂಬುದನ್ನು ಲೆಕ್ಕಹಾಕುವ ಕ್ರಮವನ್ನು ಫ್ರಾನ್ಸಿನ ಇಂಜನಿಯರ್ ಕೂಲಂಬ್ 1776ರಲ್ಲಿಯೂ, ಸ್ಕಾಟ್ಲೆಂಡಿನ ಪ್ರಾಧ್ಯಾಪಕ ರ‍್ಯಾಂಕಿನ್ 1857ರಲ್ಲಿಯೂ ಪ್ರಕಟಿಸಿದರು. ಆ ಲೆಕ್ಕವನ್ನು ಸುಲಭವಾಗಿ ಹೀಗೆ ಹೇಳಬಹುದು. ನಾಲ್ಕು ಮೀಟರು ಎತ್ತರದ ಗೋಡೆಯೊಂದನ್ನು ತೆಗೆದುಕೊಳ್ಳೋಣ. ಹಿಂದಿರುವುದು ಸಾಧಾರಣವಾದ ಮರಳು ಮಿಶ್ರಿತ ಮಣ್ಣು. ಅದರಲ್ಲಿ ನೀರು ನಿಂತಿಲ್ಲ. ಆಗ ಗೋಡೆಯ ಒಂದೊಂದು ಮೀಟರು ಉದ್ದದ ಮೇಲೆ ಬೀಳುವ ಒತ್ತಡ ಐದು ಟನ್ನಿಗೆ ಸ್ವಲ್ಪ ಕಡಮೆ. ಅದೇ ಮಣ್ಣಿನಲ್ಲಿ ತುದಿಯವರೆಗೂ ನೀರು ನಿಂತಿತೆಂದರೆ, ಮಣ್ಣಿನ ಒತ್ತಡವೂ ನೀರಿನ ಒತ್ತಡವೂ ಕೂಡಿ ಹತ್ತೂವರೆ ಟನ್ನನ್ನು ಮೀರುತ್ತವೆ. ಗೋಡೆಯೂ ಅದೇ, ಮಣ್ಣೂ ಅದೇ. ನೀರಿಗೆ ದಾರಿಯಿಲ್ಲದ ಒಂದೇ ಕಾರಣದಿಂದ ಹೊರೆ ಎರಡರಷ್ಟಾಯಿತು. ಗೋಡೆಯ ಎತ್ತರ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುವುದೆಂಬುದನ್ನೂ ನೆನಪಿಡಬೇಕು.

ಆದುದರಿಂದಲೇ ಬಲ್ಲವರು ತಡೆಗೋಡೆಯಲ್ಲಿ ಸಾಲುಸಾಲಾಗಿ ನೀರು ಸೋರುವ ಕಂಡಿಗಳನ್ನು ಬಿಡುತ್ತಾರೆ. ಅವುಗಳ ಹಿಂದೆ ಜಲ್ಲಿಯನ್ನು ತುಂಬುತ್ತಾರೆ. ರಸ್ತೆಯ ನೀರು ಗೋಡೆಯ ಹಿಂದಕ್ಕೆ ಇಳಿಯದಂತೆ ಚರಂಡಿ ಮಾಡುತ್ತಾರೆ. ಕಾಲಕ್ರಮದಲ್ಲಿ ಕಂಡಿಗಳಲ್ಲಿ ಮಣ್ಣು ತುಂಬಿ ಹುಲ್ಲು ಬೆಳೆಯುತ್ತದೆ, ಚರಂಡಿಯಲ್ಲಿ ಕಸ ಕಟ್ಟುತ್ತದೆ, ಸಂದಿಯಲ್ಲಿ ಅರಳಿಯ ಗಿಡ ಬೇರು ಬಿಡುತ್ತದೆ. 1918ರಲ್ಲಿ ಆರಂಭವಾಗಿ 1923ರಲ್ಲಿ ಕಬ್ಬಿಣವನ್ನು ಕೊಡತೊಡಗಿದ ಕಾರ್ಖಾನೆಯಿಂದ ಹೆಸರುವಾಸಿಯಾದ ಊರು ಭದ್ರಾವತಿ. ಅಂಥ ಊರಿನಲ್ಲಿಯೂ ಗೋಡೆ ಬೀಳುವುದು ಬಹುಮಟ್ಟಿಗೆ ಕಬ್ಬಿಣದ ಕೊರತೆಯಿಂದಲ್ಲ, ಅಂಗೈಯಗಲದ ಕಂಡಿಯೊಂದು ಮುಚ್ಚಿಹೋದುದರಿಂದ. ಕಂಡಿಯನ್ನು ಬಿಡಿಸುವುದಕ್ಕೆ ಇಬ್ಬರು ಆಳುಗಳ ಒಂದು ದಿನದ ಕೂಲಿ ಸಾಕು. ಬಿದ್ದ ಗೋಡೆಯನ್ನು ಕಟ್ಟುವುದಕ್ಕೆ ಅಗೆತ, ಅಸ್ತಿಭಾರ, ಕಾಂಕ್ರೀಟು, ಸುತ್ತುದಾರಿ, ತಿಂಗಳುಗಳ ತೊಂದರೆ ಎಲ್ಲವೂ ಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎನ್ನುವುದು ಇದಕ್ಕೇ.

ಇನ್ನು ಹಣದ ಮಾತಿಗೆ ಬರೋಣ. ಮೊದಲು ಕೇಳಬೇಕಾದದ್ದು, ಈ ಗೋಡೆ ಯಾರದು ಎಂದು. ಹೆದ್ದಾರಿಯ ಗೋಡೆಯಾದರೆ ಹಣ ಬರಬೇಕಾದದ್ದು ಕೇಂದ್ರದ ರಸ್ತೆ ಸಾರಿಗೆ ಮಂತ್ರಾಲಯದಿಂದ. ಅಲ್ಲಿ ಸಾಮಾನ್ಯ ದುರಸ್ತಿ, ನಿಯತಕಾಲದ ನವೀಕರಣ, ವಿಶೇಷ ದುರಸ್ತಿ, ಪ್ರವಾಹಹಾನಿಯ ದುರಸ್ತಿ ಎಂದು ಬೇರೆಬೇರೆ ಬಾಬುಗಳಿವೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆಗಳಾದರೆ ಲೋಕೋಪಯೋಗಿ ಇಲಾಖೆಯವರದು. ಊರ ಬೀದಿಯಾದರೆ ಶಿವಮೊಗ್ಗೆಯಲ್ಲಿ ಮಹಾನಗರಪಾಲಿಕೆ, ಭದ್ರಾವತಿಯಲ್ಲಿ ನಗರಸಭೆ. ನಾಲೆಯ ಏರಿಯಾದರೆ ಕರ್ನಾಟಕ ನೀರಾವರಿ ನಿಗಮ. ಒಂದೇ ಗೋಡೆಯ ಮೇಲೆ ಪಾಲಿಕೆಯ ರಸ್ತೆ, ಬುಡದಲ್ಲಿ ನಿಗಮದ ನಾಲೆ ಇದ್ದರೆ ಅರ್ಜಿಯು ಎರಡು ಕಛೇರಿಗಳ ನಡುವೆ ಓಡಾಡುತ್ತಿರುವಾಗಲೇ ಒಂದು ಮಳೆಗಾಲ ಕಳೆದುಹೋಗುವುದು ಅಸಂಭವವಲ್ಲ.

ರಸ್ತೆಗೆಂದೇ ಹಣವನ್ನು ಬೇರೆಯಾಗಿ ಎತ್ತಿಡುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. ಜಯಕರರ ಅಧ್ಯಕ್ಷತೆಯ ರಸ್ತೆ ಸಮಿತಿಯ ಸಲಹೆಯಂತೆ 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನಿಗೆ ಎರಡಾಣೆಯಂತೆ ಹಾಕಿ ಕೇಂದ್ರ ರಸ್ತೆ ನಿಧಿಯೊಂದನ್ನು ಏರ್ಪಡಿಸಿದರು. ಅದಕ್ಕೆ 2000ದಲ್ಲಿ ಶಾಸನದ ಬಲ ಬಂದಿತು. 2018ರಲ್ಲಿ ಅದು ರಸ್ತೆ ಮತ್ತು ಮೂಲಸೌಕರ್ಯ ನಿಧಿಯಾಯಿತು. ದಾರಿಯನ್ನು ಸವೆಸುವವನೇ ದಾರಿಯ ಖರ್ಚನ್ನು ಕೊಡಲಿ ಎಂಬುದು ಅದರ ನ್ಯಾಯ. ಆದರೆ ಇಂಥ ನಿಧಿಗಳ ಒಲವು ಹೊಸ ರಸ್ತೆ, ಅಗಲೀಕರಣ, ಸೇತುವೆಗಳ ಕಡೆಗೇ ಹೆಚ್ಚು. ಹೊಸ ಕೆಲಸಕ್ಕೆ ಶಂಕುಸ್ಥಾಪನೆಯುಂಟು, ಪ್ರಾರಂಭೋತ್ಸವವುಂಟು. ಕಂಡಿ ಬಿಡಿಸುವುದಕ್ಕೆ ಉತ್ಸವವೆಲ್ಲಿಯದು?

ಪಾಲಿಕೆ ನಗರಸಭೆಗಳ ಕೈಯೂ ಅಷ್ಟೇನೂ ಸಡಿಲವಾಗಿಲ್ಲ. ಅವುಗಳ ಸ್ವಂತ ಆದಾಯದಲ್ಲಿ ಮುಖ್ಯವಾದದ್ದು ಆಸ್ತಿ ತೆರಿಗೆ. 15ನೆಯ ಹಣಕಾಸು ಆಯೋಗವು 2021ರಿಂದ 2026ರ ವರೆಗಿನ ಅವಧಿಗೆ ಇಂಥ ಊರುಗಳಿಗೆ ಕೊಡಿಸಿದ ಅನುದಾನದಲ್ಲಿ ನೂರಕ್ಕೆ 60 ಪಾಲು ಕುಡಿಯುವ ನೀರು, ನೈರ್ಮಲ್ಯಗಳಿಗೆ ಕಟ್ಟುಬಿದ್ದಿತ್ತು. ಸ್ಥಳದ ಅಗತ್ಯವನ್ನು ನೋಡಿ ಬಳಸಬಹುದಾದದ್ದು ಉಳಿದ 40 ಪಾಲು ಮಾತ್ರ.

ಹಾಗಾದರೆ ವಿಪತ್ತು ಪರಿಹಾರದ ಹಣವಿಲ್ಲವೆ ಎಂದು ಕೇಳಬಹುದು. ಉಂಟು. 2005ರ ವಿಪತ್ತು ನಿರ್ವಹಣಾ ಶಾಸನದಂತೆ ಪ್ರತಿಯೊಂದು ರಾಜ್ಯದಲ್ಲಿಯೂ ವಿಪತ್ತು ಸ್ಪಂದನ ನಿಧಿಯಿದೆ. ಕರ್ನಾಟಕದಂಥ ರಾಜ್ಯಗಳಲ್ಲಿ ಅದಕ್ಕೆ ಕೇಂದ್ರದ್ದು ಮುಕ್ಕಾಲು, ರಾಜ್ಯದ್ದು ಕಾಲು ಪಾಲು. ಜಿಲ್ಲಾಧಿಕಾರಿಗಳ ಪಿ.ಡಿ. ಖಾತೆಯಲ್ಲಿ ಇಂತಿಷ್ಟು ಹಣವಿದೆಯೆಂದು ಮಳೆಗಾಲದಲ್ಲಿ ಕೇಳಿಬರುವ ಮಾತು ಇಂಥ ತುರ್ತಿನ ಹಣಕ್ಕೆ ಸಂಬಂಧಿಸಿದುದು. ಆದರೆ ಇಲ್ಲಿ ಎರಡು ತೊಡಕುಗಳಿವೆ.

ಮೊದಲನೆಯದು ಇದು. ಪ್ರವಾಹ, ಭೂಕುಸಿತ, ಭೂಕಂಪ ಮೊದಲಾದ ಗೊತ್ತಾದ ವಿಪತ್ತುಗಳಿಂದ ಆದ ಹಾನಿಗೆ ಈ ನಿಧಿಯ ಬಾಗಿಲು ತೆರೆಯುತ್ತದೆ. ಮುಪ್ಪು, ಅಲಕ್ಷ್ಯ, ಮುಚ್ಚಿದ ಕಂಡಿ ಇವು ಆ ಪಟ್ಟಿಯಲ್ಲಿಲ್ಲ. ಎಂದರೆ, ಗೋಡೆ ಪ್ರವಾಹದಲ್ಲಿ ಬಿದ್ದರೆ ಹಣಕ್ಕೆ ಅರ್ಹ. ಬೀಳುವಂತೆ ನಿಂತಿದ್ದರೆ ಅನರ್ಹ. ಎರಡನೆಯದು ಅಳತೆಯ ತೊಡಕು. 2015ರಿಂದ 2020ರ ವರೆಗೆ ಜಾರಿಯಲ್ಲಿದ್ದ ನಿಯಮಗಳಲ್ಲಿ, ರಾಜ್ಯವು ದುರಸ್ತಿಯ ದರವನ್ನು ಬೇರೆಯಾಗಿ ಪ್ರಕಟಿಸಿರದಿದ್ದರೆ, ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆಗಳಿಗೆ ಕಿಲೋಮೀಟರಿಗೆ 1 ಲಕ್ಷ ರೂಪಾಯಿ, ಹಳ್ಳಿಯ ರಸ್ತೆಗೆ 60 ಸಾವಿರ ರೂಪಾಯಿ ಎಂದಿತ್ತು. ಈ ಲೆಕ್ಕವನ್ನು ಅಕ್ಷರಶಃ ಹಿಡಿದರೆ ಇಪ್ಪತ್ತು ಮೀಟರು ಗೋಡೆಗೆ ಬರುವುದು 2,000 ರೂಪಾಯಿ! ಡಾಂಬರಿನ ಮೇಲ್ಮೈಗೆ ಉದ್ದದ ಅಳತೆ ಸಲ್ಲುತ್ತದೆ. ಗೋಡೆಯ ಖರ್ಚು ಅದರ ಎತ್ತರದಲ್ಲಿಯೂ ಅಸ್ತಿಭಾರದ ಆಳದಲ್ಲಿಯೂ ಅಡಗಿದೆ.

ಬಿದ್ದ ಮೇಲೆ ಹಣ ಕೊಡುವ ಪದ್ಧತಿಯ ದೋಷವನ್ನು ದೊಡ್ಡವರೂ ಕಂಡುಕೊಂಡಿದ್ದಾರೆ. 15ನೆಯ ಹಣಕಾಸು ಆಯೋಗವು ವಿಪತ್ತಿನ ಹಣವನ್ನು ವಿಭಾಗಮಾಡಿ, ನೂರಕ್ಕೆ 80 ಪಾಲನ್ನು ಸ್ಪಂದನಕ್ಕೂ 20 ಪಾಲನ್ನು ಮುಂಜಾಗ್ರತೆಯ ತಗ್ಗಿಸುವಿಕೆಗೂ ಇಟ್ಟಿತು. ಪ್ರವಾಹದಿಂದಲೋ ಭೂಕುಸಿತದಿಂದಲೋ ಬೀಳುವ ಭಯವಿದ್ದು ಇನ್ನೂ ನಿಂತಿರುವ ಗೋಡೆಗೆ ನ್ಯಾಯವಾಗಿ ಸಲ್ಲತಕ್ಕದ್ದು ಈ 20ರ ಪಾಲು. ಆದರೆ ಅದನ್ನು ಕೇಳಬೇಕಾದರೆ ಯಾವ ಗೋಡೆ, ಎಲ್ಲಿ, ಎಷ್ಟು ಅಪಾಯದಲ್ಲಿದೆಯೆಂಬ ಪಟ್ಟಿ ಮೊದಲೇ ಸಿದ್ಧವಾಗಿರಬೇಕು. ಪಟ್ಟಿಯಿಲ್ಲದವನಿಗೆ ಪಾಲೂ ಇಲ್ಲ.

ಅವಸರದ ಕೆಲಸಕ್ಕೆ ಟೆಂಡರು ಅಡ್ಡಿಯೆಂಬ ದೂರನ್ನೂ ಕೇಳುತ್ತೇವೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಶಾಸನವು ನೈಸರ್ಗಿಕ ವಿಪತ್ತಿನಲ್ಲಿ, ಅಥವಾ ಸರ್ಕಾರದವರು ತುರ್ತು ಪರಿಸ್ಥಿತಿಯೆಂದು ಸಾರಿದಾಗ, ಟೆಂಡರಿನಿಂದ ವಿನಾಯಿತಿ ಕೊಟ್ಟಿದೆ. ಆದರೆ ಈ ಬಾಗಿಲನ್ನು ಸದಾ ತೆರೆದಿಡುವಂತೆ ನಾವು ಹೇಳಲಾರೆವು. ಪ್ರತಿಯೊಂದು ಕೆಲಸವೂ ತುರ್ತಾದರೆ ಯಾವುದಕ್ಕೂ ಲೆಕ್ಕ ಕೇಳುವವರಿರುವುದಿಲ್ಲ. ಅವಸರದಲ್ಲಿ ಕಟ್ಟಿದ ಗೋಡೆಯೇ ಮುಂದಿನ ಅವಸರಕ್ಕೆ ಕಾರಣವಾಗಬಹುದು.

ಹಣ ಸುರಿದ ಮಾತ್ರಕ್ಕೆ ಗೋಡೆ ನಿಲ್ಲುವುದಿಲ್ಲವೆಂಬುದಕ್ಕೆ ಕೊಡಗಿನಲ್ಲಿ ಒಂದು ನಿದರ್ಶನವಿದೆ. ಮಡಿಕೇರಿಯಲ್ಲಿ ಜಿಲ್ಲಾಧಿಕಾರಿಗಳ ಕಛೇರಿಯ ಪಕ್ಕದಲ್ಲಿ, ಮಂಗಳೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಿಗೆ, ಕೋಟಿಗಟ್ಟಲೆ ರೂಪಾಯಿ ವೆಚ್ಚದಿಂದ ಎತ್ತರವಾದ ತಡೆಗೋಡೆಯನ್ನು ಕಟ್ಟಿದರು. 2022ರ ಮಳೆಗಾಲದಲ್ಲಿ ಅದರ ಹಲಗೆಗಳು ಉಬ್ಬಿಕೊಂಡು, ಕೆಳಗಿನ ರಸ್ತೆಯ ಸಂಚಾರವನ್ನೇ ತಡೆಯಬೇಕಾಯಿತು. ರಸ್ತೆಯನ್ನು ಕಾಪಾಡಬೇಕಾದ ಗೋಡೆಯಿಂದ ರಸ್ತೆಯನ್ನು ಕಾಪಾಡುವ ಸ್ಥಿತಿ ಒದಗಿತು. ಆ ವರ್ಷವೇ ಜುಲೈ ತಿಂಗಳಲ್ಲಿ ನಮ್ಮ ಆಗುಂಬೆಯ ಘಾಟಿಯಲ್ಲಿಯೂ ಗುಡ್ಡ ಕುಸಿದು ದಾರಿ ಕಟ್ಟಿತು.

ಹೀಗಿರುವಲ್ಲಿ ಮಾಡತಕ್ಕದ್ದೇನು? ನಮಗೆ ತೋರುವ ಮಾರ್ಗವಿದು: ಬಾಗಿದ ಗೋಡೆಯ ದುರಸ್ತಿಯನ್ನು ಒಂದೇ ಅಂದಾಜಿನಲ್ಲಿ ಸೇರಿಸದೆ ಎರಡಾಗಿ ಒಡೆಯಬೇಕು. ಮೊದಲನೆಯದು ಜೀವ ಉಳಿಸುವ ಕೆಲಸ. ಭಾರದ ಗಾಡಿಗಳನ್ನು ಗೋಡೆಯ ಅಂಚಿನಿಂದ ದೂರಮಾಡುವುದು, ರಸ್ತೆಯ ನೀರನ್ನು ಬೇರೆ ಕಡೆಗೆ ತಿರುಗಿಸುವುದು, ಬಿರುಕಿಗೆ ನೀರಿಳಿಯದಂತೆ ಟಾರ್ಪಾಲು ಹೊದಿಸುವುದು, ಕಂಡಿಗಳನ್ನು ಎಚ್ಚರಿಕೆಯಿಂದ ಬಿಡಿಸುವುದು, ಬುಡಕ್ಕೆ ಮರಳಿನ ಚೀಲಗಳ ಒತ್ತು ಕೊಡುವುದು. ಇದರ ಖರ್ಚು ಅಲ್ಪ. ಇಲಾಖೆಯ ವಾರ್ಷಿಕ ನಿರ್ವಹಣೆಯ ಬಾಬಿನಲ್ಲಿಯೇ ಕೆಲವು ದಿನಗಳೊಳಗೆ ಮುಗಿಯಬಹುದಾದದ್ದು. ಎರಡನೆಯದು ಗೋಡೆಯನ್ನು ಹೊಸದಾಗಿ ಕಟ್ಟುವ ಕೆಲಸ. ಅದಕ್ಕೆ ಮಣ್ಣಿನ ಪರೀಕ್ಷೆ, ನಕ್ಷೆ, ಆಡಳಿತದ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರು ಎಲ್ಲವೂ ಕ್ರಮವಾಗಿ ನಡೆದು, ಮಳೆ ಹಿಂದಾದ ಮೇಲೆ ಕೆಲಸ ಸಾಗಲಿ. ಎರಡನ್ನೂ ಒಂದೇ ಕಡತದಲ್ಲಿ ಕಟ್ಟಿದರೆ, ದೊಡ್ಡ ಮೊತ್ತವು ಮಂಜೂರಾಗುವವರೆಗೆ ಸಣ್ಣ ಕೆಲಸವೂ ಕಾಯಬೇಕಾಗುತ್ತದೆ; ಅಷ್ಟರಲ್ಲಿ ಗೋಡೆ ಕಾಯುವುದಿಲ್ಲ.

ಊರಿನವರೂ ಸುಮ್ಮನೆ ಕೂಡಬೇಕಾದುದಿಲ್ಲ. ಬಿರುಕಿನ ಮೇಲೆ ಅಡ್ಡಲಾಗಿ ಗಾರೆಯ ಪಟ್ಟಿಯೊಂದನ್ನು ಬಳಿದು ಅದರ ಮೇಲೆ ದಿನಾಂಕವನ್ನು ಬರೆದರೆ, ಪಟ್ಟಿ ಒಡೆದ ದಿನ ಗೋಡೆ ಚಲಿಸುತ್ತಿದೆಯೆಂಬುದು ಗೊತ್ತಾಗುತ್ತದೆ. ತೂಗುಗುಂಡನ್ನು ಇಳಿಬಿಟ್ಟರೆ ಎಷ್ಟು ಬಾಗಿದೆಯೆಂಬುದನ್ನು ಗಾರೆಯವನೇ ಹೇಳಬಲ್ಲ. ಸ್ಥಳ, ದಿನಾಂಕ, ಅಳತೆ, ಚಿತ್ರ ಇವು ಕೂಡಿದ ಒಂದು ಪುಟದ ಅರ್ಜಿಯನ್ನು ರಸ್ತೆಯ ಒಡೆಯರಾದ ಕಛೇರಿಗೂ, ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಕೊಟ್ಟು ಸ್ವೀಕೃತಿ ಪಡೆದಿಡಬೇಕು. ಹತ್ತು ಸಭೆಗಳ ಕೂಗಿಗಿಂತ ಅಳತೆಯುಳ್ಳ ಒಂದು ಅರ್ಜಿಯನ್ನು ಅಲ್ಲಗಳೆಯುವುದು ಕಷ್ಟ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಎಲ್ಲ ಕಾಲದ ಆಡಳಿತಗಳಿಗೂ ಸುಲಭವಾಗಿ ಅಂಟುವ ಚಾಳಿ. ಬಿದ್ದ ಗೋಡೆಗೆ ಕೊಡುವ ಹಣ ಎಲ್ಲರ ಕಣ್ಣಿಗೂ ಕಾಣುತ್ತದೆ. ಬೀಳದೆ ನಿಂತ ಗೋಡೆಗೆ ಕೊಟ್ಟ ಹಣಕ್ಕೆ ಸಾಕ್ಷಿಯೇ ಇರುವುದಿಲ್ಲ. ಅದರ ಫಲ ಏನೂ ನಡೆಯದಿರುವುದು. ಹೊಗಳಿಕೆ ಬಾರದ ಆ ಖರ್ಚನ್ನು ಪ್ರತಿವರ್ಷವೂ ಮೃಗಶಿರೆಯ ಮಳೆಗೆ ಮೊದಲೇ ಮಾಡುವ ಇಲಾಖೆಯನ್ನೂ, ಅದನ್ನು ಕೇಳಿ ಮಾಡಿಸಿಕೊಳ್ಳುವ ಪ್ರಜೆಗಳನ್ನೂ ಪಡೆದ ಊರಿನ ದಾರಿಗಳು ಆಶ್ಲೇಷೆಯಲ್ಲಿಯೂ ತೆರೆದಿರುವುವು.