ಧ್ರುವ ಜೋಡಣೆ

ದೂರದರ್ಶಕವನ್ನು ಹೊತ್ತ ಈಕ್ವಟೋರಿಯಲ್ ಮೌಂಟ್‌ನ ಮುಖ್ಯ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಲ್ಲಿಸುವ ಕ್ರಮವನ್ನು ಧ್ರುವ ಜೋಡಣೆ ಎನ್ನುತ್ತಾರೆ. ಭೂಮಿಯ ಭ್ರಮಣದಿಂದಾಗಿ ಆಕಾಶವು 4 ನಿಮಿಷಗಳಿಗೆ ಸುಮಾರು 1 ಡಿಗ್ರಿಯಷ್ಟು ಪಶ್ಚಿಮಕ್ಕೆ ಸರಿದಂತೆ ಕಾಣುತ್ತದೆ. ಜೋಡಣೆ ಸರಿಯಾಗಿದ್ದರೆ ಈ ಒಂದೇ ಅಕ್ಷವನ್ನು ಮೋಟಾರಿನಿಂದ ಅದೇ ವೇಗದಲ್ಲಿ ತಿರುಗಿಸಿ ನಕ್ಷತ್ರಗಳನ್ನು ಹಿಂಬಾಲಿಸಬಹುದು.

ಉತ್ತರಾರ್ಧಗೋಳದಲ್ಲಿ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ತಿರುಗಿಸಿ, ಸ್ಥಳದ ಅಕ್ಷಾಂಶದಷ್ಟು ಎತ್ತರಿಸಲಾಗುತ್ತದೆ. ಬೆಂಗಳೂರಿನಲ್ಲಿ ಇದು ಸುಮಾರು 13 ಡಿಗ್ರಿ. ಆದರೆ ಧ್ರುವ ನಕ್ಷತ್ರವು ನಿಜವಾದ ಖಗೋಳ ಧ್ರುವದಿಂದ ಅರ್ಧ ಡಿಗ್ರಿಗೂ ಹೆಚ್ಚು ದೂರದಲ್ಲಿರುವುದರಿಂದ, ದೀರ್ಘಾವಧಿಯ ಛಾಯಾಗ್ರಹಣಕ್ಕೆ ಇಷ್ಟೇ ಸಾಲದು.

ಧ್ರುವ ನಕ್ಷತ್ರವು ಕಟ್ಟಡ ಅಥವಾ ಬೆಟ್ಟದ ಮರೆಯಲ್ಲಿದ್ದರೂ ಡ್ರಿಫ್ಟ್ ವಿಧಾನವನ್ನು ಅನುಸರಿಸಬಹುದು. ಖಗೋಳ ಸಮಭಾಜಕದ ಬಳಿಯ ನಕ್ಷತ್ರವೊಂದು ನೆತ್ತಿಯ ಮೇಲಿನ ಉತ್ತರ-ದಕ್ಷಿಣ ರೇಖೆಯನ್ನು ದಾಟುವಾಗ ಉತ್ತರಕ್ಕೋ ದಕ್ಷಿಣಕ್ಕೋ ಸರಿದರೆ ಅಕ್ಷವು ಪೂರ್ವ ಅಥವಾ ಪಶ್ಚಿಮಕ್ಕೆ ವಾಲಿದೆ ಎಂದರ್ಥ. ಪೂರ್ವ ಅಥವಾ ಪಶ್ಚಿಮ ದಿಗಂತದ ಕಡೆಯ ನಕ್ಷತ್ರವು ಹಾಗೆ ಸರಿದರೆ ಅಕ್ಷದ ಎತ್ತರ ತಪ್ಪಿದೆ ಎಂದರ್ಥ. ಸರಿತವು ನಿಲ್ಲುವವರೆಗೆ ಮೌಂಟ್‌ನ ತಿರುಪುಗಳನ್ನು ಹೊಂದಿಸಲಾಗುತ್ತದೆ.

ಗಿಯರ್‌ಗಳ ದೋಷದಿಂದಾಗುವ ಅಲುಗಾಟವನ್ನು ಆಟೋಗೈಡಿಂಗ್ ಸರಿಪಡಿಸಬಲ್ಲದು. ಆದರೆ ಅದು ಒಂದು ನಕ್ಷತ್ರವನ್ನಷ್ಟೇ ಸ್ಥಿರವಾಗಿಡುತ್ತದೆ. ಜೋಡಣೆ ತಪ್ಪಿದ್ದರೆ ಉಳಿದ ನಕ್ಷತ್ರಗಳು ಅದರ ಸುತ್ತ ಕಮಾನಿನಂತೆ ಎಳೆದುಕೊಂಡು ಚಿತ್ರದಲ್ಲಿ ಮೂಡುತ್ತವೆ.