ಕುದುರೆ ಏರುವ ಮುನ್ನ ಕಾಲಿಗಿರಲಿ ಬಲ

ಒಮ್ಮೆ ಉಳುಕಿದ ಕಾಲು ಅಂತ ಕುದುರೆ ಸವಾರಿಯ ಆಸೆಯನ್ನು ಮೂಟೆ ಕಟ್ಟಿಡಬೇಕಿಲ್ಲ. ಗೋಡೆ, ಮೆಟ್ಟಿಲು, ಒಂದು ಹಳೇ ಟವೆಲ್ಲು ಇದ್ದರೆ ತಯಾರಿ ಮನೆಯಲ್ಲೇ ಶುರು!

ಭಾನುವಾರ ಬಂತೆಂದರೆ ಮಗಳನ್ನು ರೈಡಿಂಗ್ ಕ್ಲಾಸಿಗೆ ಕರೆದುಕೊಂಡು ಹೋಗುತ್ತೀರಿ. ವೈಟ್‌ಫೀಲ್ಡಿನಿಂದಲೋ ಎಲೆಕ್ಟ್ರಾನಿಕ್ ಸಿಟಿಯಿಂದಲೋ ಟ್ರಾಫಿಕ್ ಶುರುವಾಗುವ ಮೊದಲೇ ಹೊರಟು, ಅಲ್ಲಿ ಬೇಲಿ ಪಕ್ಕ ಫ್ಲಾಸ್ಕಿನ ಕಾಫಿ ಹಿಡಿದು ನಿಲ್ಲುತ್ತೀರಿ. "ಅಮ್ಮಾ, ನೀನೂ ಹತ್ತಮ್ಮ" ಅಂತ ಅವಳು ಕರೆದರೆ ನಿಮ್ಮ ಉತ್ತರ ರೆಡಿ: "ನನ್ನ ಕಾಲು ಗೊತ್ತಲ್ಲ ಪುಟ್ಟಿ, ಯಾವಾಗ ಬೇಕಾದ್ರೂ ಉಳುಕತ್ತೆ." ಆಸೆ ಇಲ್ಲ ಅಂತಲ್ಲ, ಕಾಲಿನ ಮೇಲೆ ನಂಬಿಕೆ ಇಲ್ಲ ಅಷ್ಟೆ. ಹೌದು ತಾನೆ?

ಈ ಉಳುಕು ಶುರುವಾಗಿದ್ದು ಎಲ್ಲಿ ಅಂತ ನೆನಪಿಸಿಕೊಳ್ಳಿ. ಫುಟ್‌ಪಾತಿನ ಅಲುಗಾಡುವ ಚಪ್ಪಡಿ, ಅಪಾರ್ಟ್‌ಮೆಂಟಿನ ಕೊನೇ ಮೆಟ್ಟಿಲು, ಪೀಣ್ಯದಲ್ಲಿ ಬಸ್ಸಿಳಿಯುವಾಗ ಸಿಕ್ಕಿದ ಹಳ್ಳ... ಊದಿಕೊಂಡಿತು, ಕ್ರೇಪ್ ಬ್ಯಾಂಡೇಜು ಸುತ್ತಿದಿರಿ, ಕೆಲವು ವಾರಗಳಲ್ಲಿ ನೋವು ಹೋಯಿತು. ಆದರೆ ಅದೇ ಕಾಲು ಮತ್ತೆ ಹೊರಳಿತು.

ನೋವು ಹೋಗುವುದು ಬೇರೆ, ಬಲ ಬರುವುದು ಬೇರೆ. ಪಾದ ಒಳಕ್ಕೆ ತಿರುಚಿಕೊಂಡಾಗ ಹೊರಗಂಟಿನ ಬಳಿಯ ಲಿಗಮೆಂಟುಗಳು ಎಳೆದುಹೋಗುತ್ತವೆ. ಪಾದ ಯಾವ ಕೋನದಲ್ಲಿದೆ ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವ ನರಗಳ ತುದಿಗಳೂ ಇರುವುದು ಅಲ್ಲೇ. ಆ ಸುದ್ದಿ ತಡವಾದರೆ, ಪಾದವನ್ನು ಹಿಡಿದು ನಿಲ್ಲಿಸಬೇಕಾದ ಹೊರಬದಿಯ ಸ್ನಾಯುಗಳೂ ತಡವಾಗಿ ಎಚ್ಚರಗೊಳ್ಳುತ್ತವೆ. ಅಷ್ಟರಲ್ಲಿ ಕಾಲು ಹೊರಳಿ ಆಗಿರುತ್ತದೆ! ಬರೀ ವಿಶ್ರಾಂತಿಯಿಂದ ಇದು ಸರಿಹೋಗುವುದಿಲ್ಲ, ಪಾದದ ಗಂಟಿಗೆ ಮತ್ತೆ ಪಾಠ ಹೇಳಿಕೊಡಬೇಕು.

ಕುದುರೆ ಮೇಲೆ ಕಾಲಿಗೇನು ಕೆಲಸ?

ಕೂತಿರುವುದು ಕುದುರೆ ಮೇಲೆ, ನಡೆಯುವುದು ಅದರ ಕಾಲು, ನಮ್ಮ ಕಾಲಿಗೇನು ಕಷ್ಟ ಅನ್ನಿಸಬಹುದು. ಕುದುರೆ ಜೋಗಿನ ಓಟಕ್ಕೆ ಬಿತ್ತೆಂದರೆ ಪ್ರತಿ ಹೆಜ್ಜೆಗೂ ಒಂದು ಕುಲುಕು. ಆ ಕುಲುಕನ್ನು ಸೊಂಟ, ಮಂಡಿ, ಪಾದದ ಗಂಟು ಮೂರೂ ಹಂಚಿಕೊಳ್ಳಬೇಕು. ಸ್ಟಿರಪ್ ಅಂದರೆ ರಿಕಾಪಿನ ಮೇಲೆ ಪಾದದ ಮುಂಭಾಗ ಇರುತ್ತದೆ, ಹಿಮ್ಮಡಿ ಸ್ವಲ್ಪ ಕೆಳಗಿರುತ್ತದೆ. ಗಂಟು ಬಿಗಿಯಾಗಿದ್ದರೆ ಹಿಮ್ಮಡಿ ಮೇಲೇಳುತ್ತದೆ, ಪಾದ ರಿಕಾಪಿನೊಳಗೆ ಜಾರುತ್ತದೆ. ಅಂಥ ಹೊತ್ತಲ್ಲಿ ಬಿದ್ದರೆ ಕಾಲು ಸಿಕ್ಕಿಕೊಳ್ಳುವ ಅಪಾಯ. ಗಂಟು ದುರ್ಬಲವಾಗಿದ್ದರೆ ಪಾದ ಹೊರ ಅಂಚಿಗೆ ವಾಲುತ್ತದೆ. ತರಬೇತುದಾರರು "ಹಿಮ್ಮಡಿ ಕೆಳಗೆ, ಹಿಮ್ಮಡಿ ಕೆಳಗೆ" ಅಂತ ಕೂಗುವುದು ಸುಮ್ಮನೆ ಅಲ್ಲ.

ಹತ್ತುವುದು, ಇಳಿಯುವುದು ಇನ್ನೊಂದು ಪರೀಕ್ಷೆ. ಕುದುರೆಯ ಎತ್ತರವನ್ನು 'ಹ್ಯಾಂಡ್' ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಹ್ಯಾಂಡ್ ಎಂದರೆ 4 ಇಂಚು. 15 ಹ್ಯಾಂಡಿನ ಕುದುರೆಯ ಭುಜ 5 ಅಡಿ! ನೆಲದಿಂದ ಹತ್ತುವಾಗ ಮೈಭಾರವೆಲ್ಲ ಎಡಪಾದದ ಮೇಲೆ. ಇಳಿಯುವಾಗ ದೊಪ್ಪೆಂದು ನೆಲಕ್ಕೆ.

ಮೊದಲು ಇದನ್ನು ನೋಡಿ

ಹೊಸದಾಗಿ ಉಳುಕಿದ್ದರೆ ವ್ಯಾಯಾಮದ ಮಾತೇ ಬೇಡ. ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಅಥವಾ ಗಂಟಿನ ಮೂಳೆ ಮುಟ್ಟಿದರೆ ನೋವಾದರೆ ಎಕ್ಸ್‌ರೇ ಬೇಕಾಗಬಹುದು. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ಇಂಥ ಸರಳ ನಿಯಮಗಳನ್ನು ಇಂದಿಗೂ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಬಳಸುತ್ತಾರೆ. ಊದಿದ ಕಾಲನ್ನು ಯಾರಿಂದಲೋ ಎಳೆಸಿ, ನೀವಿಸಿ 'ಉಳುಕು ತೆಗೆಸುವುದು' ಬೇಡ. ಮೂಳೆ ಬಿರುಕು ಬಿಟ್ಟಿದ್ದರೆ ಗತಿ?

ಹಳೇ ಉಳುಕಾಗಿದ್ದರೂ ಕಾಲು ಪದೇ ಪದೇ ಕೈಕೊಡುತ್ತಿದ್ದರೆ, ದಿನಾ ಸಂಜೆ ಊದುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಮೊದಲು ಮೂಳೆ ವೈದ್ಯರಿಗೋ ಫಿಸಿಯೋಥೆರಪಿಸ್ಟಿಗೋ ತೋರಿಸಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರೂ ವೈದ್ಯರನ್ನು ಕೇಳಿಯೇ ಶುರುಮಾಡಿ.

ಆಮೇಲೆ ಒಂದು ಸಣ್ಣ ಪರೀಕ್ಷೆ. ಗೋಡೆ ಪಕ್ಕ ಬರಿಗಾಲಲ್ಲಿ, ಒಂದೇ ಕಾಲ ಮೇಲೆ ನಿಂತು 30 ಸೆಕೆಂಡ್ ಎಣಿಸಿ. ಒಳ್ಳೇ ಕಾಲು ಮತ್ತು ಉಳುಕಿದ ಕಾಲಿನ ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಮನೆಯಲ್ಲೇ ಆರು ವ್ಯಾಯಾಮ

* ಗೋಡೆಗೆ ಕೈಕೊಟ್ಟು: ಗೋಡೆ ಮೇಲೆ ಎರಡೂ ಕೈಯೂರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೇ ಅಂಟಿರಲಿ. ಮೀನಖಂಡ ಎಳೆದಂತಾಗಬೇಕು. 30 ಸೆಕೆಂಡಿನಂತೆ ಮೂರು ಸಲ. ಆಮೇಲೆ ಆ ಮಂಡಿ ಸ್ವಲ್ಪ ಬಗ್ಗಿಸಿ ಮೂರು ಸಲ. ಇದಾಗದೆ ಹಿಮ್ಮಡಿ ಕೆಳಗಿಳಿಯುವುದಿಲ್ಲ.

* ಟವೆಲ್ ಮುದುರುವುದು: ಕುರ್ಚಿ ಮೇಲೆ ಕೂತು, ನೆಲದ ಮೇಲೆ ಹಾಸಿದ ಟವೆಲ್ಲನ್ನು ಕಾಲ್ಬೆರಳಿನಿಂದ ನಿಮ್ಮ ಕಡೆಗೆ ಮುದುರಿಕೊಳ್ಳಿ. ಟಿವಿ ನೋಡುತ್ತಲೇ ಮಾಡಬಹುದು!

* ಟ್ಯೂಬಿನ ಎಳೆತ: ಹಳೇ ಸೈಕಲ್ ಟ್ಯೂಬ್ ತೊಳೆದು, ಪಟ್ಟಿ ಕತ್ತರಿಸಿ, ಭಾರವಾದ ಮಂಚದ ಕಾಲಿಗೆ ಕುಣಿಕೆ ಹಾಕಿ. ಇನ್ನೊಂದು ತುದಿಯನ್ನು ಪಾದದ ಮುಂಭಾಗಕ್ಕೆ ಸಿಕ್ಕಿಸಿ, ಮಂಡಿ ಅಲುಗಿಸದೆ ಪಾದವನ್ನಷ್ಟೇ ಹೊರಕ್ಕೆ ತಿರುಗಿಸಿ, ನಿಧಾನವಾಗಿ ವಾಪಸ್ ತನ್ನಿ. 10 ಸಲ, ಎರಡು ಸುತ್ತು. ಪಾದ ಹೊರಳದಂತೆ ಹಿಡಿಯುವ ಸ್ನಾಯುಗಳಿಗೆ ಇದೇ ಮುಖ್ಯ.

* ಹಿಮ್ಮಡಿ ಎತ್ತುವುದು: ಅಡುಗೆ ಕಟ್ಟೆ ಹಿಡಿದು ತುದಿಗಾಲಲ್ಲಿ ಏಳಿ, ಮೂರು ಎಣಿಸುತ್ತಾ ಇಳಿಯಿರಿ. 10 ಸಲ. ಎರಡು ಕಾಲಲ್ಲಿ ಸುಲಭವಾದ ಮೇಲೆ ಒಂದೊಂದೇ ಕಾಲಲ್ಲಿ.

* ಒಂಟಿ ಕಾಲಿನ ನಿಲುವು: ಹಲ್ಲುಜ್ಜುವಾಗ, ಫೋನಿನಲ್ಲಿ ಮಾತಾಡುವಾಗ ಮಾಡಿ. ಒದ್ದೆ ಬಾತ್‌ರೂಮಿನಲ್ಲಿ, ಉರಿಯುವ ಒಲೆ ಮುಂದೆ ಮಾತ್ರ ಬೇಡ. ರೂಢಿಯಾದ ಮೇಲೆ ಮಡಿಸಿದ ಕಂಬಳಿಯ ಮೇಲೆ ನಿಲ್ಲಿ. ಕೊನೆಗೆ, ಗೋಡೆ ಕೈಗೆಟುಕುವಂತೆ ನಿಂತು ಕಣ್ಣು ಮುಚ್ಚಿ.

* ಮೆಟ್ಟಿಲ ಸವಾರಿ: ಕೊನೇ ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗವನ್ನಷ್ಟೇ ಇಟ್ಟು, ಕಂಬಿ ಹಿಡಿದು, ಮಂಡಿ ಸ್ವಲ್ಪ ಬಗ್ಗಿಸಿ. ಹಿಮ್ಮಡಿಯನ್ನು ಒತ್ತಬೇಡಿ, ಮೈಭಾರಕ್ಕೆ ತಾನಾಗಿಯೇ ಇಳಿಯಲಿ. ರಿಕಾಪಿನಲ್ಲಿ ಕಾಲು ಇರಬೇಕಾದ್ದು ಹೀಗೇ. 20 ಸೆಕೆಂಡಿನಿಂದ ಒಂದು ನಿಮಿಷದವರೆಗೆ.

ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ 15 ನಿಮಿಷ, ಕನಿಷ್ಠ ಆರು ವಾರ ಬಿಡದೆ ಮಾಡಿ. ಸ್ನಾಯು ಎಳೆದಂತಾಗುವುದು ಸಹಜ. ಚುಚ್ಚಿದಂಥ ನೋವು ಬಂದರೆ, ಮರುದಿನ ಊದಿದರೆ ನಿಲ್ಲಿಸಿ.

ಕುದುರೆ ಏರುವ ದಿನ

ಕಾಲಿನ ಕಥೆಯನ್ನು ತರಬೇತುದಾರರಿಗೆ ಮೊದಲೇ ಹೇಳಿ, ಸಂಕೋಚ ಬೇಡ. ನೆಲದಿಂದ ಹತ್ತದೆ, ಹತ್ತಲೆಂದೇ ಇಡುವ ಕಟ್ಟೆ ಅಥವಾ ಸ್ಟೂಲ್ ಕೇಳಿ. ಇದರಿಂದ ಕುದುರೆಯ ಬೆನ್ನಿಗೂ ಒಳ್ಳೆಯದು. ಚಪ್ಪಲಿ, ಸ್ಯಾಂಡಲ್ ಖಂಡಿತಾ ಬೇಡ. ಪಾದ ಪೂರ್ತಿ ಮುಚ್ಚುವ, ಸುಮಾರು ಒಂದಿಂಚು ಹಿಮ್ಮಡಿಯಿರುವ, ಅಡಿ ನುಣುಪಾಗಿರುವ ಬೂಟು ಬೇಕು. ಆ ಹಿಮ್ಮಡಿಯೇ ಪಾದ ಒಳಜಾರದಂತೆ ತಡೆಯುತ್ತದೆ. ಗಲ್ಲದ ಪಟ್ಟಿ ಹಾಕಿದ ಹೆಲ್ಮೆಟ್ ಅಂತೂ ಬೇಕೇ ಬೇಕು.

ರಿಕಾಪಿನ ಉದ್ದಕ್ಕೂ ಒಂದು ಅಂದಾಜಿದೆ. ಜೀನಿನಲ್ಲಿ ಅದರ ಪಟ್ಟಿ ಶುರುವಾಗುವ ಜಾಗಕ್ಕೆ ಬೆರಳ ತುದಿ ಇಟ್ಟರೆ, ರಿಕಾಪು ಕಂಕುಳಿಗೆ ತಾಗಬೇಕು. ಉದ್ದವಾದರೆ ಅದನ್ನು ಹುಡುಕುತ್ತಾ ಹಿಮ್ಮಡಿ ಮೇಲೇಳುತ್ತದೆ. ಮೊದಲ ಕೆಲವು ಕ್ಲಾಸು ಬರೀ ನಡಿಗೆ, ಅರ್ಧ ಗಂಟೆ ಸಾಕು. ಆಂಕಲ್ ಬ್ರೇಸ್ ಹಾಕುವುದಾದರೆ ವೈದ್ಯರನ್ನು ಕೇಳಿ, ಬೂಟಿನೊಳಗೆ ಹಿಡಿಸುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ಇಳಿಯುವಾಗ ಎರಡೂ ಪಾದ ರಿಕಾಪಿನಿಂದ ತೆಗೆದು, ಹೊಟ್ಟೆಯ ಮೇಲೆ ನಿಧಾನವಾಗಿ ಜಾರಿ, ಮಂಡಿ ಬಗ್ಗಿಸಿ ಎರಡೂ ಕಾಲಲ್ಲಿ ನೆಲ ಮುಟ್ಟಿ.

ಈ ವಯಸ್ಸಲ್ಲಾ?

ಮನೆಯಲ್ಲಿ ಯಾರಾದರೂ ಹೀಗೆ ಕೇಳಿಯೇ ಕೇಳುತ್ತಾರೆ. ಆಗ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಕಥೆ ಹೇಳಿ. 1944ರಲ್ಲಿ, ಗರ್ಭಿಣಿಯಾಗಿದ್ದಾಗಲೇ ಅವರಿಗೆ ಪೋಲಿಯೋ ತಗುಲಿತು. ಮಂಡಿಯಿಂದ ಕೆಳಗೆ ಕಾಲಿಗೆ ಬಲವೇ ಬರಲಿಲ್ಲ. ಕುದುರೆ ಹತ್ತಿಸಲು, ಇಳಿಸಲು ಬೇರೆಯವರ ನೆರವು ಬೇಕಿತ್ತು. ಆದರೂ ತೊಡೆ, ಬೆನ್ನುಗಳನ್ನು ಪಳಗಿಸಿಕೊಂಡು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಡ್ರೆಸಾಜ್ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. ಆ ಸ್ಪರ್ಧೆಗೆ ಹೆಂಗಸರನ್ನು ಸೇರಿಸಿಕೊಂಡಿದ್ದೇ ಆ ವರ್ಷ! 1956ರಲ್ಲಿ ಮತ್ತೊಂದು ಬೆಳ್ಳಿ.

ನಮ್ಮ ಬೆಂಗಳೂರಿನವರೇ ಆದ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ ಪಡೆದರು. ಒಲಿಂಪಿಕ್ಸ್‌ನಲ್ಲಿ ಗಂಡು, ಹೆಣ್ಣು ಒಂದೇ ಕಣದಲ್ಲಿ ಎದುರಾಳಿಗಳಾಗಿ ನಿಲ್ಲುವ ಅಪರೂಪದ ಆಟ ಇದು. ನಮಗೆ ಪದಕ ಬೇಡ ಬಿಡಿ. ಅರ್ಧ ಗಂಟೆ ಜೀನಿನ ಮೇಲೆ ನೆಮ್ಮದಿಯಾಗಿ ಕೂತರೆ ಅದೇ ದೊಡ್ಡದು.

ಕುದುರೆ ಹತ್ತಿದರೂ ಹತ್ತದಿದ್ದರೂ ಈ ಶ್ರಮ ದಂಡವಾಗುವುದಿಲ್ಲ. ಅರವತ್ತು ದಾಟಿದ ಮೇಲೆ ಬೀಳದಂತೆ ಕಾಯುವುದೂ ಇದೇ ಪಾದದ ಗಂಟಿನ ಚುರುಕು. ಇವತ್ತು ರಾತ್ರಿಯೇ ಒಂದು ಕಾಲೆತ್ತಿ ನಿಂತು ನೋಡಿ. ಎಷ್ಟು ಸೆಕೆಂಡ್ ನಿಂತಿರಿ ಅಂತ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡಿ. ಆರು ವಾರದ ನಂತರ ಆ ಎರಡು ಅಂಕಿಗಳನ್ನು ಹೋಲಿಸಿ, ಆಮೇಲೆ ಮಗಳಿಗೆ ಉತ್ತರ ಕೊಡಿ. ಏನಂತೀರಿ?