ಸಾಕವ್ವನ ಪ್ರಶ್ನೆ, ನನ್ನ ಬಾಗಿಲು
ನಂಜನಗೂಡಿನಲ್ಲಿ ‘ಒಡಲಾಳ’ವನ್ನು ಹಲವು ವರ್ಷ ಪಾಠ ಹೇಳಿದವನು ನಾನು. ಇದೇ ತಾಲ್ಲೂಕಿನ ದೇವನೂರಿನಲ್ಲಿ 1948ರಲ್ಲಿ ಜನಿಸಿದ ಮಹಾದೇವ ಅವರ ಆ ಕೃತಿಯಲ್ಲಿ ಕೇರಿಯ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ಮನೆಮಂದಿಯೆಲ್ಲ ಕದ್ದ ಕಡಲೇಕಾಯಿಯನ್ನು ಬೆಳಗಾಗುವುದರೊಳಗೆ ತಿಂದು ಮುಗಿಸುತ್ತಾರೆ. ಸಿಜಿಕೆಯವರ ನಿರ್ದೇಶನದಲ್ಲಿ ಉಮಾಶ್ರೀಯವರು ಈ ಸಾಕವ್ವನಿಗೆ ರಂಗದ ಮೇಲೆ ಜೀವ ತುಂಬಿದರು.

ಮೊನ್ನೆ ತಿ. ನರಸೀಪುರದಲ್ಲಿ ವಿದ್ಯಾರ್ಥಿನಿಯೊಬ್ಬಳು ಒಬ್ಬಳೇ ನಿಂತು ಸಾಕವ್ವನನ್ನು ಅಭಿನಯಿಸಿದಳು. ನಡುವೆ ತನ್ನ ಬಾಲ್ಯವನ್ನೂ ಹೆಣೆದಳು. ಕೇರಿ ಬಿಟ್ಟು ಬಡಾವಣೆಗೆ ಬಂದ ತಂದೆ. ಬಾಡಿಗೆ ಮನೆಯ ಬಾಗಿಲು ಬಾಗಿಲಿನಲ್ಲೂ ‘ನೀವು ಯಾವ ಜನ?’ ಎಂಬ ಪ್ರಶ್ನೆ.

ಸಭಿಕರು ಚಪ್ಪಾಳೆ ತಟ್ಟಿದರು. ನನ್ನ ಕೈ ಏಳಲಿಲ್ಲ. ಹಿಂದಿನ ವರ್ಷ ನಮ್ಮ ಮಹಡಿಯ ಮನೆ ಕೇಳಲು ಬಂದವರನ್ನು ನಾನೂ ಹಾಗೆಯೇ ಕೇಳಿದ್ದೆ.

ಮನೆ ಈಗ ಮತ್ತೆ ಖಾಲಿಯಾಗಿದೆ. ಈ ಸಲ ಬಂದವರ ಹೆಸರಷ್ಟೇ ಕೇಳುತ್ತೇನೆ.